ಪಾಷಾಣ ಔಷಧಿಯಾದ ದಾರಿ

ರಾಯಚೂರಿನ ಒಂದು ಕಾಲೇಜಿನಲ್ಲಿ ಭಾನುವಾರ ಸಂಜೆ ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನಲ್ಲಿ ಹಿಂದೆ ಮುಂದೆ ಆದದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ಇದು: ಚೀನಾದ ಸಾಂಪ್ರದಾಯಿಕ ಔಷಧಿಗಳು, ಪ್ರೋಟೀನ್ ಮಾಡದ ಆರ್‌ಎನ್‌ಎ ಮತ್ತು ಕ್ಯಾನ್ಸರ್ ಚಿಕಿತ್ಸೆ. ಕೇಳಲು ದೂರದ ವಿಷಯ. ಆದರೆ ಇದರ ಒಂದು ತುದಿ ನಮ್ಮ ಹಟ್ಟಿ ಚಿನ್ನದ ಗಣಿ ಕಡೆಯ ಬಂಡೆಯಲ್ಲಿದೆ. ಇನ್ನೊಂದು ತುದಿ ನಿಮ್ಮ ಅಡುಗೆಮನೆಯ ಅರಿಶಿನದ ಡಬ್ಬಿಯಲ್ಲಿದೆ. ಹಾಗಾಗಿ ಚೀನಾದಿಂದ ಶುರು ಮಾಡುವುದಿಲ್ಲ, ಕಾಲುವೆಯಿಂದ ಶುರು ಮಾಡುತ್ತೇನೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ ಭತ್ತ ಬೆಳೆಯುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಅರ್ಧಕ್ಕರ್ಧ ಜನ ಇದ್ದೀರಿ. ಸಿಂಧನೂರು, ಮಾನ್ವಿ, ಸಿರವಾರದವರೇ ಜಾಸ್ತಿ ಅನ್ನಿಸುತ್ತದೆ. ನಿಮಗೆ ಒಂದು ವಿಷಯ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಡ್ಯಾಮಿನಲ್ಲಿ ನೀರು ಇದ್ದರೆ ಸಾಲದು, ತೂಬು ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಹಿಂದೆ ಊರೂರಿಗೆ ನೀರಗಂಟಿ ಇರುತ್ತಿದ್ದ. ಕಾಲುವೆ ಮೇಲೆ ಈಗ ಗ್ಯಾಂಗ್‌ಮನ್ ಅನ್ನುತ್ತೇವೆ. ಆತ ಉಳುವುದಿಲ್ಲ, ಬಿತ್ತುವುದಿಲ್ಲ, ಒಂದು ಕಾಳೂ ಬೆಳೆಯುವುದಿಲ್ಲ. ಆದರೆ ಯಾವ ಹೊಲಕ್ಕೆ ಎಷ್ಟು ನೀರು, ಯಾವಾಗ ಬಂದ್ ಅನ್ನುವುದು ಅವನ ಕೈಯಲ್ಲಿದೆ.

ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಇಂಥ ನೀರಗಂಟಿಗಳಿದ್ದಾರೆ.

ಜೀವಕೋಶದೊಳಗೆ ಡಿಎನ್‌ಎ ಇದೆ. ಸುಮಾರು 300 ಕೋಟಿ ಅಕ್ಷರಗಳ ಉದ್ದದ ಬರಹ ಅದು. ಅದರಲ್ಲಿ ಬೇಕಾದ ಭಾಗವನ್ನು ಜೀವಕೋಶ ಆರ್‌ಎನ್‌ಎ ಎಂಬ ಚೀಟಿಗೆ ನಕಲು ಮಾಡಿಕೊಳ್ಳುತ್ತದೆ. ಆ ಚೀಟಿ ನೋಡಿ ಪ್ರೋಟೀನ್ ತಯಾರಾಗುತ್ತದೆ. ಸ್ನಾಯು, ಚರ್ಮ, ರಕ್ತದ ಹಿಮೋಗ್ಲೋಬಿನ್, ಎಲ್ಲ ಕೆಲಸ ಮಾಡುವುದು ಪ್ರೋಟೀನೇ. ನಮ್ಮಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20 ಸಾವಿರ. ಇಡೀ ಡಿಎನ್‌ಎಯಲ್ಲಿ ಪ್ರೋಟೀನಿಗೆ ಅಂತ ಇರುವ ಬರಹ ನೂರಕ್ಕೆ ಎರಡು ಪಾಲೂ ಆಗುವುದಿಲ್ಲ. ಉಳಿದದ್ದು ಏನು? 1972ರಲ್ಲಿ ಸುಸುಮು ಓಹ್ನೋ ಎಂಬ ವಿಜ್ಞಾನಿ ಅದಕ್ಕೆ ಜಂಕ್ ಅಂದರು. ಕಸ. ಆ ಹೆಸರು ಬಹಳ ಕಾಲ ಅಂಟಿಕೊಂಡಿತು. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಾರದ್ದೂ ಬೇಕಾದಷ್ಟಿದೆ ಅನ್ನಿ. ಆದರೆ ಕಸದ ಗುಡ್ಡೆಯೊಳಗೆ ತೂಬಿನ ಕೀಲಿಗಳು ಬಿದ್ದಿದ್ದವು.

ಮೊದಲ ಕೀಲಿ ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅದನ್ನು ಕಂಡರು. ಲಿನ್-4 ಎಂಬ ಜೀನ್ ಯಾವ ಪ್ರೋಟೀನನ್ನೂ ಮಾಡುತ್ತಿರಲಿಲ್ಲ. ಸುಮಾರು 22 ಅಕ್ಷರದ ಪುಟ್ಟ ಆರ್‌ಎನ್‌ಎ ಮಾಡುತ್ತಿತ್ತು, ಅಷ್ಟೇ. ಆ ಚೂರು ಹೋಗಿ ಇನ್ನೊಂದು ಜೀನಿನ ಚೀಟಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತಿತ್ತು. ಹುಳದಲ್ಲಿ ಮಾತ್ರ ಇರುವ ವಿಚಿತ್ರ ಅಂದುಕೊಂಡು ಆಗ ಜನ ಸುಮ್ನೆ ಬಿಟ್ಟರು. ಇಂದು ಮನುಷ್ಯರಲ್ಲೇ ಇಂಥವು ಸಾವಿರಕ್ಕೂ ಜಾಸ್ತಿ ಇವೆ ಅಂತ ಗೊತ್ತು. ಹೆಸರು ಮೈಕ್ರೋ ಆರ್‌ಎನ್‌ಎ. ಅವರಿಬ್ಬರಿಗೂ 2024ರಲ್ಲಿ ನೊಬೆಲ್ ಬಂತು, 31 ವರ್ಷದ ಮೇಲೆ.

ಇದಕ್ಕೂ ಕ್ಯಾನ್ಸರ್‌ಗೂ ಏನು ಸಂಬಂಧ? 2024ರ ಆಗಸ್ಟ್ ನೆನಪಿದೆ ಅಲ್ವಾ? ತುಂಗಭದ್ರಾ ಡ್ಯಾಮಿನ 19ನೇ ಗೇಟ್ ರಾತ್ರೋರಾತ್ರಿ ಕೊಚ್ಚಿಕೊಂಡು ಹೋಯಿತು. 33 ಗೇಟ್‌ಗಳಲ್ಲಿ ಉಳಿದ 32 ನಿಂತೇ ಇದ್ದವು. ಹೋದದ್ದು ಒಂದೇ. ಆದರೂ ನಮ್ಮೆಲ್ಲರ ನಿದ್ದೆ ಹೋಗಿತ್ತು.

ರಕ್ತದ ಒಂದು ಕ್ಯಾನ್ಸರ್‌ನಲ್ಲಿ ನಡೆಯುವುದೂ ಇದೇ. ವಯಸ್ಸಾದವರಿಗೆ ಬರುವ, ನಿಧಾನವಾಗಿ ಬೆಳೆಯುವ ಲ್ಯುಕೇಮಿಯಾ ಒಂದಿದೆ. ಆ ರೋಗಿಗಳಲ್ಲಿ 13ನೇ ಕ್ರೋಮೋಸೋಮಿನ, ಅಂದರೆ ಡಿಎನ್‌ಎಯ 13ನೇ ಸುರುಳಿಯ, ಒಂದು ತುಣುಕು ಬಹಳ ಸಲ ಕಾಣೆಯಾಗಿರುತ್ತದೆ. ಅಲ್ಲಿ ಯಾವ ಪ್ರೋಟೀನ್ ಕಳೆದುಹೋಗಿದೆ ಅಂತ ವರ್ಷಗಟ್ಟಲೆ ಹುಡುಕಿದರು, ಸಿಗಲಿಲ್ಲ. 2002ರಲ್ಲಿ ಜಾರ್ಜ್ ಕ್ಯಾಲಿನ್ ಮತ್ತು ಕಾರ್ಲೋ ಕ್ರೋಚೆ ನೋಡಿದಾಗ, ಅಲ್ಲಿ ಕಳೆದುಹೋಗಿದ್ದು ಎರಡು ಮೈಕ್ರೋ ಆರ್‌ಎನ್‌ಎಗಳು. ಮಿರ್-15 ಮತ್ತು ಮಿರ್-16. ಬಿಸಿಎಲ್-2 ಎಂಬ ಪ್ರೋಟೀನನ್ನು ಹದ್ದುಬಸ್ತಿನಲ್ಲಿ ಇಡುವ ಗೇಟ್‌ಗಳು ಇವು. ಆ ಪ್ರೋಟೀನ್ ಜಾಸ್ತಿಯಾದರೆ ಜೀವಕೋಶ ಸಾಯಬೇಕಾದಾಗ ಸಾಯುವುದಿಲ್ಲ. ಸಾಯದ ಜೀವಕೋಶಗಳು ರಾಶಿಯಾಗುತ್ತಾ ಹೋಗುತ್ತವೆ. ಬಿಸಿಎಲ್-2ನ್ನೇ ನೇರವಾಗಿ ಹಿಡಿಯುವ ವೆನೆಟೊಕ್ಲ್ಯಾಕ್ಸ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮೈಕ್ರೋ ಆರ್‌ಎನ್‌ಎ ಔಷಧಿಯಲ್ಲ. ಕೊಚ್ಚಿಹೋದ ಗೇಟನ್ನು ತಂದು ಕೂರಿಸಲು ಆಗದಿದ್ದಾಗ, ನೀರು ನುಗ್ಗುವ ಜಾಗದಲ್ಲೇ ಅಡ್ಡ ಹಾಕಿದ ಹಾಗೆ ಅದು.

ಉಲ್ಟಾ ಕೂಡ ಆಗುತ್ತದೆ. ಮಿರ್-21 ಎಂಬುದು ಹಲವು ಕ್ಯಾನ್ಸರ್ ಗಡ್ಡೆಗಳಲ್ಲಿ ವಿಪರೀತ ಏರಿರುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್‌ಗಳ ನೀರನ್ನೇ ಅದು ಬಂದ್ ಮಾಡಿಬಿಡುತ್ತದೆ. ಇದಲ್ಲದೆ 200 ಅಕ್ಷರಕ್ಕಿಂತ ಉದ್ದದ ಆರ್‌ಎನ್‌ಎಗಳಿವೆ, ಬಳೆಯ ಹಾಗೆ ದುಂಡಗಿನವೂ ಇವೆ. ಅವುಗಳ ಕಥೆ ಇವತ್ತು ಬೇಡ. ಮಿರ್-21ನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಚೀನಾಕ್ಕೆ ಬರೋಣ.

ಚೀನಾದ ಮದ್ದು ಅಂದರೆ ನಮಗೆ ಪೂರ್ತಿ ಹೊರಗಿನದೇನಲ್ಲ. ಅರಿಶಿನ, ಶುಂಠಿ, ಜೇಷ್ಠಮಧು ಅವರಲ್ಲೂ ಮದ್ದೇ. ನಮ್ಮ ಮರದರಿಶಿನದಲ್ಲಿ ಇರುವ ಹಳದಿ ಬರ್ಬೆರಿನ್ ಅವರ ಇನ್ನೊಂದು ಗಿಡದ ಬೇರಿನಲ್ಲೂ ಇದೆ. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಈ ಮದ್ದುಗಳ ಸಾರವನ್ನು ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡುವ ಕೆಲಸ ಬಹಳ ನಡೆದಿದೆ. ಅರಿಶಿನದ ಹಳದಿ ಸಾರವಾದ ಕರ್ಕ್ಯುಮಿನ್ ಹಾಕಿದಾಗ ಕರುಳಿನ ಕ್ಯಾನ್ಸರ್ ಜೀವಕೋಶಗಳಲ್ಲಿ ಮಿರ್-21 ಇಳಿಯಿತು. ಬರ್ಬೆರಿನ್ ಹಾಕಿದಾಗ ಮಜ್ಜೆಯ ಕ್ಯಾನ್ಸರ್ ಜೀವಕೋಶಗಳಲ್ಲಿ ಇಳಿಯಿತು. ಮ್ಯಾಟ್ರಿನ್ ಎಂಬ ಬೇರಿನ ಸಾರ ಹಾಕಿದಾಗ ಸ್ತನ ಕ್ಯಾನ್ಸರ್ ಜೀವಕೋಶಗಳಲ್ಲೂ ಇಳಿಯಿತು. ಇವೆಲ್ಲ ಪ್ರಕಟವಾದ ಫಲಿತಾಂಶಗಳು. ಇವೇ ಫೋನಿಗೆ ಬರುವಾಗ "ಅರಿಶಿನ ಕ್ಯಾನ್ಸರ್ ಕೊಲ್ಲುತ್ತದೆ" ಅಂತಾಗಿ ಬರುತ್ತವೆ.

ಈ ಪ್ರಯೋಗ ಹೇಗೆ ಮಾಡುತ್ತಾರೆ ಅಂತ ಹೇಳಬೇಕು. ಯಾಕೆಂದರೆ ಇದನ್ನು ನಾನೇ ಕೈಯಾರೆ ಮಾಡಿದ್ದೇನೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ಅದರ ತಳಕ್ಕೆ ಅಂಟಿಕೊಂಡು ಬೆಳೆಯುವ ಜೀವಕೋಶಗಳು. ಯಾವುದೋ ದೇಶದ, ಎಂದೋ ತೀರಿಕೊಂಡ ರೋಗಿಯ ಗಡ್ಡೆಯಿಂದ ತೆಗೆದು ದಶಕಗಳಿಂದ ಬೆಳೆಸಿಕೊಂಡು ಬಂದವು. ಮೇಲೆ ಗುಲಾಬಿ ಬಣ್ಣದ ಪೋಷಕ ದ್ರವ. ಅದಕ್ಕೆ ಕರ್ಕ್ಯುಮಿನ್ ಹಾಕಿ ಒಂದು ದಿನವೋ ಎರಡು ದಿನವೋ ಬಿಡುವುದು. ಆಮೇಲೆ ಜೀವಕೋಶ ಒಡೆದು, ಆರ್‌ಎನ್‌ಎ ತೆಗೆದು, ಯಂತ್ರದಲ್ಲಿ ಅಳೆಯುವುದು. ಮೊದಲ ಸಲ ಮಾಡಿದಾಗ ಮಿರ್-21 ಇಳಿದಿತ್ತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನಮ್ಮ ಮನೆಯ ಅರಿಶಿನ, ನನ್ನ ಕೈಯಲ್ಲಿ! ಎರಡನೇ ಸಲ ಅಷ್ಟು ಇಳಿಯಲಿಲ್ಲ. ಮೂರನೇ ಸಲ ಒಂದು ವಿಷಯ ಗಮನಿಸಿದೆ. ಇಳಿದ ತಟ್ಟೆಗಳಲ್ಲಿ ಅರ್ಧ ಜೀವಕೋಶಗಳು ಆಗಲೇ ಸಾಯುತ್ತಿದ್ದವು. ಸಾಯುತ್ತಿರುವ ಜೀವಕೋಶದಲ್ಲಿ ನೂರಾರು ಆರ್‌ಎನ್‌ಎಗಳು ಏರುಪೇರಾಗುತ್ತವೆ. ಮಿರ್-21 ಇಳಿದದ್ದರಿಂದ ಅವು ಸತ್ತವೋ, ಸಾಯುತ್ತಿದ್ದುದರಿಂದ ಮಿರ್-21 ಇಳಿಯಿತೋ? ಊರಿಗೆ ಬೆಂಕಿ ಬಿದ್ದಾಗ ನೀರಗಂಟಿಯೂ ತೂಬು ಬಿಟ್ಟು ಓಡುತ್ತಾನೆ. ಬೆಂಕಿ ಹಚ್ಚಿದವನು ಅವನೇ ಅನ್ನಲು ಬರುವುದಿಲ್ಲ. ಇದನ್ನು ಬಿಡಿಸಲು ಬೇರೆ ಪ್ರಯೋಗಗಳು ಬೇಕು. ಬಹಳ ಲೇಖನಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಎರಡನೇ ತೊಂದರೆ ಪ್ರಮಾಣದ್ದು. ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಹೂಸ್ಟನ್ನಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 25 ಜನರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿಸಿ ನೋಡಿದರು. ಫಲಿತಾಂಶ 2008ರಲ್ಲಿ ಬಂತು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಅಂದರೆ 8 ಗ್ರಾಂ ಬೇಕಾದರೆ ದಿನಾ ಕಾಲು ಕೆಜಿಗಿಂತ ಜಾಸ್ತಿ ಅರಿಶಿನ ತಿನ್ನಬೇಕು. ಒಂದು ಚಮಚ ಅರಿಶಿನದ ಹಾಲಿನ ಲೆಕ್ಕವೇ ಅಲ್ಲ ಇದು. ಅಷ್ಟು ಕೊಟ್ಟರೂ ಅವರ ರಕ್ತದಲ್ಲಿ ಸಿಕ್ಕಿದ್ದು, ನಾವು ತಟ್ಟೆಗೆ ಹಾಕುವ ಪ್ರಮಾಣದ ಸುಮಾರು ನೂರರಲ್ಲಿ ಒಂದು ಪಾಲು. ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ, ಹೀರಿದ್ದನ್ನು ಲಿವರ್ ಬೇಗ ಬದಲಾಯಿಸಿ ಹೊರಗೆ ಹಾಕುತ್ತದೆ. ಒಬ್ಬಿಬ್ಬರಲ್ಲಿ ಸ್ವಲ್ಪ ಗುಣ ಕಂಡಿತು. ಉಳಿದವರಲ್ಲಿ ಕಾಣಲಿಲ್ಲ.

ಹೀರಲಿ ಅಂತ ಕರಿಮೆಣಸಿನ ಸಾರ ಸೇರಿಸಿ ಗಟ್ಟಿ ಗುಳಿಗೆ ಮಾಡಿ ಮಾರುತ್ತಾರೆ. ಅಂಥ ಗುಳಿಗೆ ತಿಂದು ಲಿವರ್ ಕೆಟ್ಟವರ ವರದಿಗಳು ಹಲವು ದೇಶಗಳಿಂದ ಬಂದಿವೆ. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನದ ಮಾತು ನಾನು ಆಡುತ್ತಿಲ್ಲ. ಅದನ್ನು ಯಾರೂ ಬಿಡಬೇಡಿ.

ಮೂರನೆಯದು ಅಕ್ಕಿಯ ಕಥೆ. ಸೋನಾ ಮಸೂರಿ ಬೆಳೆಯುವ ಊರಲ್ಲಿ ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. 2012ರಲ್ಲಿ ಚೀನಾದ ನಾನ್‌ಜಿಂಗ್‌ನ ತಂಡವೊಂದು ದೊಡ್ಡ ಸುದ್ದಿ ಪ್ರಕಟಿಸಿತು. ಅನ್ನ ತಿಂದವರ ರಕ್ತದಲ್ಲಿ ಅಕ್ಕಿಯದೇ ಮೈಕ್ರೋ ಆರ್‌ಎನ್‌ಎ ಸಿಗುತ್ತದೆ, ಅದು ಲಿವರ್‌ಗೆ ಹೋಗಿ ಕೊಲೆಸ್ಟ್ರಾಲಿನ ಲೆಕ್ಕ ಬದಲಿಸುತ್ತದೆ ಅಂತ. ಗಿಡದ ನೀರಗಂಟಿ ಮನುಷ್ಯನ ಕಾಲುವೆಗೆ ಬಂದು ತೂಬು ತಿರುಗಿಸಿದ ಹಾಗೆ! ಅದು ನಿಜವಾದರೆ ಕಷಾಯಗಳ ಅರ್ಥವೇ ಬದಲಾಗುತ್ತಿತ್ತು. ಮರು ವರ್ಷವೇ ಬೇರೆಯವರು ಇಲಿಗಳಿಗೆ ಅಕ್ಕಿ ತಿನ್ನಿಸಿ ನೋಡಿದರು. ಆ ಆರ್‌ಎನ್‌ಎ ರಕ್ತದಲ್ಲೂ ಲಿವರ್‌ನಲ್ಲೂ ಲೆಕ್ಕಕ್ಕೆ ಸಿಗುವಷ್ಟು ಇರಲಿಲ್ಲ. ಬರೀ ಅಕ್ಕಿ ತಿಂದ ಇಲಿಗಳಲ್ಲಿ ಪೋಷಣೆಯೇ ಏರುಪೇರಾಗಿ ಕೊಲೆಸ್ಟ್ರಾಲ್ ಬದಲಾಗಿತ್ತು ಅಂದರು. ನಾನ್‌ಜಿಂಗ್‌ನವರು ತಮ್ಮ ಮಾತು ಬಿಟ್ಟುಕೊಡಲಿಲ್ಲ. ನನಗೆ ಮಾತ್ರ ಎರಡನೆಯವರ ಕೆಲಸವೇ ಗಟ್ಟಿ ಅನ್ನಿಸುತ್ತದೆ.

ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಸುಳ್ಳು ಲೇಖನಗಳು ಜಾಸ್ತಿ. ಸಿಡ್ನಿಯ ಜೆನಿಫರ್ ಬೈರ್ನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಜೀನ್‌ಗಳ ಕುರಿತ 11 ಸಾವಿರಕ್ಕೂ ಜಾಸ್ತಿ ಲೇಖನಗಳನ್ನು ಪರೀಕ್ಷಿಸಿದರು. ಪ್ರಯೋಗಕ್ಕೆ ಬಳಸಿದ್ದೇವೆ ಅಂತ ಬರೆದ ಆರ್‌ಎನ್‌ಎ, ಡಿಎನ್‌ಎ ಅಕ್ಷರಗಳೇ ತಪ್ಪಾಗಿದ್ದ ಲೇಖನಗಳು 712 ಸಿಕ್ಕವು. ಕೆಲವು ಪ್ರಾಮಾಣಿಕ ತಪ್ಪು ಇರಬಹುದು. ಆದರೆ ಬಾಡಿಗೆಗೆ ಲೇಖನ ಬರೆದುಕೊಡುವ ಅಂಗಡಿಗಳೇ ಇವೆ. ಚೀನಾದಲ್ಲಿ ಆಸ್ಪತ್ರೆಯ ಡಾಕ್ಟರಿಗೆ ಬಡ್ತಿ ಬೇಕಾದರೂ ಲೇಖನ ತೋರಿಸಬೇಕಿತ್ತು. ದಿನಕ್ಕೆ ನೂರು ರೋಗಿಗಳನ್ನು ನೋಡುವವರು ಪ್ರಯೋಗ ಯಾವಾಗ ಮಾಡಬೇಕು? ಲೇಖನಕ್ಕೆ ದುಡ್ಡು ಕೊಡುವ ಪದ್ಧತಿಯನ್ನು ಅಲ್ಲಿಯ ಸರ್ಕಾರವೇ 2020ರಲ್ಲಿ ನಿಲ್ಲಿಸಿತು. ಇದನ್ನು ಕೇಳಿ ಚೀನಾದವರನ್ನು ಹೀಯಾಳಿಸಬೇಡಿ. ಪಿಎಚ್‌ಡಿಗೆ ಲೇಖನ ಕಡ್ಡಾಯ ಇದ್ದ ಕಾಲದಲ್ಲಿ ನಮ್ಮಲ್ಲೂ ಇಂಥ ಅಂಗಡಿಗಳಿದ್ದವು. ನನ್ನ ಜೊತೆ ಓದಿದವರಿಗೂ ಅವರ ಫೋನ್ ಬರುತ್ತಿತ್ತು.

ಹಾಗಾದರೆ ಹಳೆಯ ಮದ್ದಿನಿಂದ ಕ್ಯಾನ್ಸರ್‌ಗೆ ಏನೂ ಬರಲಿಲ್ಲವೇ? ಬಂದಿದೆ. ಅದನ್ನು ಹೇಳಲಿಕ್ಕೇ ನಾನು ಈ ಮಾತು ಒಪ್ಪಿಕೊಂಡದ್ದು.

ಪಾಷಾಣ. ಡಾಕ್ಟರು, ಪೇಪರಿನವರು ಆರ್ಸೆನಿಕ್ ಅನ್ನುತ್ತಾರೆ. ನಮ್ಮ ಅಜ್ಜಿಯರಿಗೆ ಅದು ಪಾಷಾಣವೇ, ಇಲಿಗೆ ಇಡುವ ವಿಷ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಬಂಡೆಯ ಪಟ್ಟಿಯಲ್ಲಿ ಚಿನ್ನದ ಜೊತೆಗೇ ಪಾಷಾಣದ ಅದಿರೂ ಇದೆ. ಆ ಭಾಗದ ಕೆಲವು ಊರುಗಳ ಬೋರ್‌ವೆಲ್ ನೀರಿಗೆ ಅದು ಇಳಿದಿದೆ. ಅಂಗೈ, ಅಂಗಾಲು ಗಂಟುಗಂಟಾಗಿ ಒರಟಾಗುವುದು, ಮೈಮೇಲೆ ಕಪ್ಪು ಚುಕ್ಕೆ, ವರ್ಷಗಳ ಮೇಲೆ ಚರ್ಮದ ಕ್ಯಾನ್ಸರ್. ಪಾಷಾಣ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಯಾವ ಅನುಮಾನವೂ ಇಲ್ಲ.

ಅದೇ ಪಾಷಾಣ ಒಂದು ಕ್ಯಾನ್ಸರ್ ಅನ್ನು ಗುಣ ಮಾಡುತ್ತದೆ.

ಚೀನಾದ ಈಶಾನ್ಯಕ್ಕೆ ಹಾರ್ಬಿನ್ ಅಂತ ಊರಿದೆ, ಬಹಳ ಚಳಿಯ ಊರು. 1970ರ ದಶಕದ ಶುರುವಿನಲ್ಲಿ ಅಲ್ಲಿ ಝಾಂಗ್ ಟಿಂಗ್‌ಡಾಂಗ್ ಎಂಬ ಡಾಕ್ಟರು ಇದ್ದರು. ಹಳ್ಳಿಯ ಕಡೆ ಒಂದು ನಾಟಿ ಮದ್ದು ಕ್ಯಾನ್ಸರ್‌ಗೆ ನಡೆಯುತ್ತಿದೆ ಅನ್ನುವ ಸುದ್ದಿ ಕೇಳಿ ಅದರ ಬೆನ್ನು ಹತ್ತಿದರು. ಮದ್ದಿನಲ್ಲಿ ಮೂರು ವಸ್ತು ಇದ್ದವು. ಪಾಷಾಣ, ಪಾದರಸದ ಒಂದು ಉಪ್ಪು, ಕಪ್ಪೆಯ ವಿಷ. ವಿಷಕ್ಕೆ ವಿಷವೇ ಮದ್ದು ಅನ್ನುವ ನಂಬಿಕೆ ಅಲ್ಲಿಯೂ ಇದೆ. ಝಾಂಗ್ ಮತ್ತು ಅವರ ಜೊತೆಗಾರರು ಅದನ್ನು ಇಂಜೆಕ್ಷನ್ ಮಾಡಿ ರಕ್ತದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟರು. ಕೆಲವರು ಚೇತರಿಸಿಕೊಂಡರು.

ಇಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ದೊಡ್ಡದು ಅನ್ನಿಸುತ್ತದೆ. ಗುಣವಾಯಿತಲ್ಲ ಅಂತ ಅಲ್ಲಿಗೇ ನಿಲ್ಲಲಿಲ್ಲ. ಒಂದೊಂದನ್ನೇ ತೆಗೆದು ನೋಡಿದರು. ಪಾದರಸ ಕಿಡ್ನಿ ಕೆಡಿಸುತ್ತಿತ್ತು, ತೆಗೆದರು. ಕಪ್ಪೆಯ ವಿಷ ಬಿಪಿ ಏರಿಸುತ್ತಿತ್ತು, ತೆಗೆದರು. ಉಳಿದದ್ದು ಪಾಷಾಣ. ಗುಣ ಇದ್ದದ್ದು ಅದರಲ್ಲೇ. ಯಾವ ರೋಗಿಗೆ ಅಂತಲೂ ಸೋಸಿದರು. ಎಲ್ಲ ರಕ್ತದ ಕ್ಯಾನ್ಸರ್‌ಗೂ ನಡೆಯುವುದಿಲ್ಲ, ಎಪಿಎಲ್ ಅನ್ನುವ ಒಂದು ಬಗೆಗೆ ಮಾತ್ರ ಚೆನ್ನಾಗಿ ನಡೆಯುತ್ತದೆ ಅಂತ ಕಂಡಿತು. ಆ ಕಾಯಿಲೆ ಭಯಂಕರ. ರಕ್ತ ಹೆಪ್ಪುಗಟ್ಟುವುದು ಕೆಟ್ಟು, ಮೆದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಸೋರಿ, ಕೆಲವೇ ದಿನಗಳಲ್ಲಿ ಜೀವ ಹೋಗುತ್ತಿತ್ತು.

ಅದೇ ಹೊತ್ತಿಗೆ, 1980ರ ದಶಕದಲ್ಲಿ, ಶಾಂಘೈನಲ್ಲಿ ವಾಂಗ್ ಝೆನ್ಯಿ ಎಂಬ ಹಿರಿಯ ಡಾಕ್ಟರು ವಿಟಮಿನ್ ಎ ಬಳಗದ ಒಂದು ಮದ್ದಿನಿಂದ ಇದೇ ಕಾಯಿಲೆಯನ್ನು ಹತೋಟಿಗೆ ತಂದಿದ್ದರು. ಅವರ ಶಿಷ್ಯ ಚೆನ್ ಝು ಹಾರ್ಬಿನ್‌ನವರ ಜೊತೆ ಸೇರಿದರು. ಮತ್ತೆ ಕಾಯಿಲೆ ಮರುಕಳಿಸಿದ 15 ಜನರಿಗೆ ಪಾಷಾಣ ಕೊಟ್ಟ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಪಾಷಾಣ ಒಂದನ್ನೇ ಪಡೆದ 10 ಜನರಲ್ಲಿ 9 ಜನರ ರಕ್ತದಿಂದ ಕಾಯಿಲೆ ಹಿಂದೆ ಸರಿದಿತ್ತು. ಜಗತ್ತು ಆಗ ತಿರುಗಿ ನೋಡಿತು. 2000ದಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು.

ನಮ್ಮವರೂ ಹಿಂದೆ ಬಿದ್ದಿಲ್ಲ. ವಿಟಮಿನ್ ಎ ಬಳಗದ ಆ ಮದ್ದು ದುಬಾರಿ. ಎಷ್ಟೋ ರೋಗಿಗಳ ಕೈಗೆ ಎಟುಕುತ್ತಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಹೊಸದಾಗಿ ಬಂದ 72 ರೋಗಿಗಳಿಗೆ ಪಾಷಾಣ ಒಂದನ್ನೇ ಆಧಾರವಾಗಿಟ್ಟು ಚಿಕಿತ್ಸೆ ಕೊಟ್ಟರು. ನೂರಕ್ಕೆ 86 ಜನರಲ್ಲಿ ಕಾಯಿಲೆ ಹಿಂದೆ ಸರಿಯಿತು. 2006ರಲ್ಲಿ ಅದು ಪ್ರಕಟವಾಯಿತು. ಬಡವರಿಗೆ ಎಟುಕುವ ಮದ್ದು ಯಾವುದು ಅಂತ ಹುಡುಕುತ್ತಾ ಹೋದವರು ಇಡೀ ಜಗತ್ತಿಗೆ ಬೇಕಾದ ಪಾಠ ಕೊಟ್ಟರು. 2013ರಲ್ಲಿ ಇಟಲಿ, ಜರ್ಮನಿಯವರು ವಿಟಮಿನ್ ಎ ಮದ್ದು ಮತ್ತು ಪಾಷಾಣ ಎರಡನ್ನೂ ಜೊತೆಗೆ ಕೊಟ್ಟರು, ಮಾಮೂಲಿ ಕೀಮೋ ಇಲ್ಲದೆ. ತೀರಾ ಗಂಭೀರವಲ್ಲದ ರೋಗಿಗಳಲ್ಲಿ ಎರಡು ವರ್ಷದ ಮೇಲೂ ನೂರಕ್ಕೆ 97 ಜನ ಕಾಯಿಲೆ ಮರುಕಳಿಸದೆ ಇದ್ದರು. ದಿನಗಳಲ್ಲಿ ಕೊಲ್ಲುತ್ತಿದ್ದ ಕಾಯಿಲೆ ಇದು!

ಇದು ಒಳಗೆ ಹೇಗೆ ಕೆಲಸ ಮಾಡುತ್ತದೆ? ಎಪಿಎಲ್‌ನಲ್ಲಿ 15 ಮತ್ತು 17ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ, ಎರಡು ಪ್ರೋಟೀನ್‌ಗಳು ಬೆಸೆದುಕೊಂಡು ಒಂದು ಕೆಟ್ಟ ಪ್ರೋಟೀನ್ ಹುಟ್ಟುತ್ತದೆ. ಬಿಳಿ ರಕ್ತಕಣ ಬಲಿಯದ ಹಾಗೆ ಅದು ತಡೆಯುತ್ತದೆ. ಪಾಷಾಣ ಹೋಗಿ ಆ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಜೀವಕೋಶ ಅದನ್ನು ಒಡೆದು ಹಾಕುತ್ತದೆ. ಇದು 2010ರಲ್ಲಿ ಸ್ಪಷ್ಟವಾಯಿತು. ಇದರಲ್ಲಿ ನಮ್ಮ ನೀರಗಂಟಿ ಎಲ್ಲಿ? ಇದ್ದಾನೆ. ವಿಟಮಿನ್ ಎ ಮದ್ದು ಕೊಟ್ಟಾಗ ಮಿರ್-223 ಎಂಬ ಮೈಕ್ರೋ ಆರ್‌ಎನ್‌ಎ ಏರುತ್ತದೆ, ಕಣ ಬಲಿಯಲು ದಾರಿ ಮಾಡಿಕೊಡುತ್ತದೆ ಅಂತ ರೋಮ್‌ನವರು 2005ರಲ್ಲಿ ತೋರಿಸಿದರು. ಆದರೆ ಮುಖ್ಯ ಏಟು ಬಿದ್ದದ್ದು ಪ್ರೋಟೀನಿನ ಮೇಲೆ. ಹಳೆಯ ಮದ್ದಿನ ಅತಿ ದೊಡ್ಡ ಗೆಲುವಿನಲ್ಲೂ ಆರ್‌ಎನ್‌ಎ ಹಿಂದಿನ ಸಾಲಿನಲ್ಲಿದೆ. ಮಿರ್-21 ಇಳಿಯಿತು ಅಂದಾಕ್ಷಣ ಮದ್ದು ಸಿಕ್ಕಿತು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಮೈಕ್ರೋ ಆರ್‌ಎನ್‌ಎಯನ್ನೇ ನೇರವಾಗಿ ಮದ್ದಾಗಿ ಕೊಡುವ ಪ್ರಯತ್ನವೂ ಆಗಿದೆ. ಕ್ಯಾನ್ಸರ್ ತಡೆಯುವ ಮಿರ್-34ರ ನಕಲನ್ನು ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ ರೋಗಿಗಳಿಗೆ ಕೊಟ್ಟರು. ಮೈಯ ರೋಗನಿರೋಧಕ ಶಕ್ತಿ ಅದರ ಮೇಲೆ ತಿರುಗಿಬಿತ್ತು, ನಾಲ್ವರು ತೀರಿಕೊಂಡರು. 2016ರಲ್ಲಿ ಪ್ರಯೋಗ ನಿಲ್ಲಿಸಿದರು. ಒಂದು ನೀರಗಂಟಿಯ ಕೈಯಲ್ಲಿ ನೂರಾರು ತೂಬುಗಳಿರುತ್ತವೆ. ನಮಗೆ ಬೇಕಾದ ಒಂದನ್ನು ಮಾತ್ರ ತಿರುಗಿಸು ಅನ್ನುವುದು ಕಷ್ಟ.

ಇನ್ನು ನನ್ನ ಮನೆಯ ಮಾತು. ಮಾನ್ವಿ ಕಡೆ ನನ್ನ ಚಿಗವ್ವ ಇದ್ದಳು. ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು. ನೋವಿಲ್ಲ ಅಂತ ಯಾರಿಗೂ ಹೇಳಲಿಲ್ಲ. ಆಮೇಲೆ ಒಬ್ಬರು ಪುಡಿ ಕೊಟ್ಟರು. ಪೇಪರಿನ ಪೊಟ್ಟಣ, ಬೂದಿ ಬಣ್ಣ, ಜೇನಿನಲ್ಲಿ ಕಲಸಿ ನೆಕ್ಕಬೇಕು. ಐದು ತಿಂಗಳು ನೆಕ್ಕಿದಳು. ನಾನು ಊರಿಗೆ ಹೋದಾಗ ಪೊಟ್ಟಣ ನನ್ನ ಕೈಗಿಟ್ಟು ಕೇಳಿದಳು: "ನೀ ಓದಿದಾಂವ ಅದೀಯಪಾ. ಇದರಾಗ ಏನೈತಿ ಹೇಳು."

ನನಗೆ ಹೇಳಲು ಆಗಲಿಲ್ಲ. ಕೊಟ್ಟವರನ್ನು ಕೇಳಿದೆ. ಅವರೂ ಹೇಳಲಿಲ್ಲ. ಗುಟ್ಟು ಬಿಟ್ಟರೆ ಮದ್ದಿನ ಗುಣ ಹೋಗುತ್ತದಂತೆ. ಅಷ್ಟೊತ್ತಿಗೆ ಗಂಟು ಕಂಕುಳಿಗೆ ಹಬ್ಬಿತ್ತು. ಹೈದರಾಬಾದಿಗೆ ಕರೆದುಕೊಂಡು ಹೋದೆವು. ಎರಡು ವರ್ಷ ಬದುಕಿದಳು. ಐದು ತಿಂಗಳು ಮೊದಲೇ ಹೋಗಿದ್ದರೆ ಅನ್ನುವುದು ನನ್ನ ಎದೆಯಲ್ಲಿ ಇನ್ನೂ ಕೂತಿದೆ. ಹಾರ್ಬಿನ್‌ನವರು ಮಾಡಿದ್ದೂ ಚಿಗವ್ವ ಕೇಳಿದ ಪ್ರಶ್ನೆಯನ್ನೇ: ಇದರಲ್ಲಿ ಏನಿದೆ? ಅವರ ಕೈಯಲ್ಲಿದ್ದದ್ದೂ ನಾಟಿ ಮದ್ದೇ. ಅದನ್ನು ಬಿಚ್ಚಿಟ್ಟರು, ತೂಗಿದರು, ಕೆಡುಕನ್ನು ತೆಗೆದರು, ಯಾರಿಗೆ ಅಂತ ಗೊತ್ತುಮಾಡಿದರು.

ಗಿಡದ್ದು ತಾನೇ, ಅಪಾಯ ಏನು ಅನ್ನುವವರಿಗೆ ಇನ್ನೊಂದು ಘಟನೆ. 1990ರ ಸುಮಾರಿಗೆ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಹೋದ ನೂರಕ್ಕೂ ಜಾಸ್ತಿ ಜನ, ಬಹುತೇಕ ಹೆಂಗಸರು, ಕಿಡ್ನಿ ಕೆಡಿಸಿಕೊಂಡರು. ಗುಳಿಗೆಯಲ್ಲಿ ಒಂದು ಚೀನಾ ಬೇರಿನ ಬದಲು ಹೆಸರು ಹೋಲುವ ಇನ್ನೊಂದು ಬೇರು ಸೇರಿತ್ತು. ಅದು ಅರಿಸ್ಟೊಲೋಕಿಯಾ ಜಾತಿಯದು. ಆಮೇಲೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಅದೇ ಜಾತಿಯ ಗಿಡ ನಮ್ಮಲ್ಲೂ ಇದೆ. ಹಾವು ಕಚ್ಚಿದಾಗ ಕೊಡುವ ಈಶ್ವರಿ ಬೇರು. ಹಾವು ಕಚ್ಚಿದರೆ ಬೇರು ತೇಯುತ್ತಾ ಕೂರಬೇಡಿ, ತಾಲೂಕು ಆಸ್ಪತ್ರೆಗೆ ಓಡಿ. ಸಮಯ ಸಿಕ್ಕಿತು ಅಂತ ಹೇಳಿದೆ.

ಪ್ರಶ್ನೆಗಳಿಗೆ ಬರುತ್ತೇನೆ. ಒಬ್ಬ ತಾಯಿ ಕೇಳಿದರು: "ಸರ್, ಹಂಗಂದ್ರ ಗಿಡದ ಔಷಧ ಯಾವುದೂ ನಂಬಬಾರದೇನ್ರಿ?"

ಹಾಗಲ್ಲ ಅಮ್ಮ. ಮರದರಿಶಿನದ ಬರ್ಬೆರಿನ್ ಹೇಳಿದೆನಲ್ಲ. ಚೀನಾದಲ್ಲಿ ದೊಡ್ಡ ಕರುಳಿನಲ್ಲಿ ಸಣ್ಣ ಗಂಟುಗಳನ್ನು ತೆಗೆಸಿಕೊಂಡಿದ್ದ ಸಾವಿರಕ್ಕೂ ಜಾಸ್ತಿ ಜನರನ್ನು ಎರಡು ಗುಂಪು ಮಾಡಿದರು, ಕೊನೆಯ ಲೆಕ್ಕಕ್ಕೆ ಸಿಕ್ಕವರು ಸುಮಾರು 900 ಜನ. ಆ ಗಂಟುಗಳೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದಂಥವು. ಒಂದು ಗುಂಪಿಗೆ ಬರ್ಬೆರಿನ್ ಗುಳಿಗೆ, 0.3 ಗ್ರಾಂ, ದಿನಕ್ಕೆ ಎರಡು ಸಲ. ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಏನೂ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಎರಡು ವರ್ಷದೊಳಗೆ ಮತ್ತೆ ಗಂಟು ಬಂದದ್ದು ಬರ್ಬೆರಿನ್ ತಿಂದವರಲ್ಲಿ ನೂರಕ್ಕೆ 36 ಜನರಿಗೆ, ಸುಮ್ಮನೆ ಗುಳಿಗೆ ತಿಂದವರಲ್ಲಿ 47 ಜನರಿಗೆ. 2020ರಲ್ಲಿ ಪ್ರಕಟವಾಯಿತು. ಪವಾಡ ಏನಲ್ಲ, ಆದರೆ ನಂಬಬಹುದಾದ ಲೆಕ್ಕ. ಇಷ್ಟು ಅಳೆದ ಮೇಲೆ ಯಾರಾದರೂ ನನಗೆ ಗಿಡದ ಮದ್ದು ಕೊಟ್ಟರೆ ಕೈ ಮುಗಿದು ತೆಗೆದುಕೊಳ್ಳುತ್ತೇನೆ. ನೀವು ಯಾವುದಾದರೂ ಪುಡಿ ತೆಗೆದುಕೊಳ್ಳುತ್ತಿದ್ದರೆ, ಪೊಟ್ಟಣದ ಸಮೇತ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಕೆಲವು ಸಾರಗಳು ಕೀಮೋ ಔಷಧಿಯ ಪ್ರಮಾಣವನ್ನೇ ರಕ್ತದಲ್ಲಿ ಏರುಪೇರು ಮಾಡುತ್ತವೆ. ಅವರಿಗೆ ಗೊತ್ತಿರಲೇಬೇಕು.

ಕೊನೆಯ ಪ್ರಶ್ನೆ ಲಿಂಗಸುಗೂರು ಕಡೆಯ ಒಬ್ಬ ಹಿರಿಯರದು. "ತಮ್ಮಾ, ಪಾಷಾಣ ಕ್ಯಾನ್ಸರಿಗೆ ಮದ್ದು ಅಂದಿ. ನಮ್ಮ ಊರ ಬೋರಿನ ನೀರಾಗ ಅದು ಐತಿ ಅಂತಾರ. ಅಂದ್ರ ಆ ನೀರು ಕುಡದ್ರ ಚಲೋನಾ, ಕೆಟ್ಟಾ?"

ಕೆಟ್ಟದ್ದು ಯಜಮಾನರೇ, ಪೂರ್ತಿ ಕೆಟ್ಟದ್ದು. ಆಸ್ಪತ್ರೆಯಲ್ಲಿ 60 ಕೆಜಿ ತೂಕದ ರೋಗಿಗೆ ದಿನಕ್ಕೆ 9 ಮಿಲಿಗ್ರಾಂ ರಕ್ತನಾಳಕ್ಕೆ ಕೊಡುತ್ತಾರೆ. ಹೃದಯದ ಬಡಿತ ತಪ್ಪೀತು ಅಂತ ಪದೇ ಪದೇ ಇಸಿಜಿ ತೆಗೆಯುತ್ತಾರೆ. ಕೆಲವು ತಿಂಗಳು, ಆಮೇಲೆ ಬಂದ್. ಅದೂ ಆ ಕೆಟ್ಟ ಪ್ರೋಟೀನ್ ಇದ್ದವರಿಗೆ ಮಾತ್ರ. ನೀರಿನಲ್ಲಿ ಬರುವುದು ಚೂರುಚೂರು, ಆದರೆ ಹುಟ್ಟಿದಾಗಿನಿಂದ ಸಾಯುವವರೆಗೆ, ಕೂಸಿಗೂ ಬಸುರಿಗೂ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಮಿಲಿಗ್ರಾಂನ ನೂರರಲ್ಲಿ ಒಂದು ಪಾಲು ಅದು. ಬಣ್ಣ, ವಾಸನೆ, ರುಚಿ ನೋಡಿ ಗೊತ್ತಾಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಪಾಷಾಣ ಇನ್ನೂ ಗಟ್ಟಿಯಾಗುತ್ತದೆ. ಪರೀಕ್ಷೆ ಮಾಡಿಸುವುದೊಂದೇ ದಾರಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಾಟಲಿ ಹೇಗೆ ತೊಳೆಯಬೇಕು, ಎಷ್ಟು ತುಂಬಬೇಕು ಅಂತ ಕೇಳಿದರು. ಹೊಸ ಬಾಟಲಿ ತನ್ನಿ, ಬೋರು ಐದು ನಿಮಿಷ ಓಡಿಸಿದ ಮೇಲೆ, ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಮೇಲೆ ಊರಿನ ಹೆಸರು, ತಾರೀಖು ಬರೆಯಿರಿ ಅಂದೆ. ಮುಂದಿನ ವಾರ ಮೂರು ಬೋರಿನ ನೀರು ತರುತ್ತೇನೆ ಅಂದರು. ಪರೀಕ್ಷೆ ಮಾಡುವ ಕಡೆ ನಾನೇ ಅವರ ಜೊತೆ ಹೋಗುತ್ತೇನೆ.